ಗುರುವಾರದ ಬಣ್ಣ

ಬಟಾಣಿ ಸಾರಿನ ಬಣ್ಣದ ಕಾರನ್ನು ಬುದ್ಧಿ ನೆಟ್ಟಗಿರುವವರು ಯಾರೂ ಬಯಸುವುದಿಲ್ಲ ಎಂದು ಮರೀತಾಳಿಗೆ ಗೊತ್ತಿತ್ತು. ಆದರೂ ಬೆಳಗಿನಿಂದ ಶಾಲೆಯ ಅಡುಗೆಮನೆಯಲ್ಲಿ ಅರವತ್ತು ಲೀಟರಿನ ಹಂಡೆಗೆ ಉದ್ದನೆಯ ಸೌಟು ಇಳಿಸಿ ತಿರುವುತ್ತ, ಇದಕ್ಕೆ ಒಂದು ಪಾಲು ಬಿಳಿ ಬೆರೆಸಿದರೆ ಹೇಗೆ, ಬಿಸಿಲಿಗೆ ಹಿಡಿದರೆ ಹೇಗೆ ಎಂದು ಯೋಚಿಸುತ್ತಲೇ ಇದ್ದಳು. ಮೂರು ವಾರದಿಂದ ಹೀಗೇ. ಕಣ್ಣಿಗೆ ಬಿದ್ದದ್ದೆಲ್ಲ ಹೋಗಿ ಕಾರಿನ ಮೈಗೆ ಅಂಟಿಕೊಳ್ಳುತ್ತಿತ್ತು. ಒಂದನೇ ತರಗತಿಯ ಹುಡುಗಿಯೊಬ್ಬಳ ಮಳೆಬೂಟು, ಪಾದ್ರಿಯ ಮನೆಯ ಅಂಚೆಪೆಟ್ಟಿಗೆ, ನಿನ್ನೆ ಟೀವಿಯ ಮುಂದೆ ಗಂಡ ಹೋಕನ್ ಆಕಳಿಸಿದಾಗ ಕಂಡ ಒಸಡು. ಇವತ್ತು ಗುರುವಾರ, ಹಾಗಾಗಿ ಸಾರು, ಆಮೇಲೆ ಪ್ಯಾನ್‌ಕೇಕ್ ಮತ್ತು ಜಾಮು. ಈ ದೇಶದಲ್ಲಿ ಗುರುವಾರ ಬೇರೇನಾದರೂ ಬೇಯಿಸಿದರೆ ಸರ್ಕಾರ ಬಿದ್ದೀತು. ಸೌಟು ತಳಕ್ಕೆ ತಾಗುವವರೆಗೂ ತಿರುವಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಆ ವಾಸನೆ ಒಮ್ಮೆ ಮೂಗಿಗೆ ಬಂದರೆ ಐವತ್ತಾರು ವರ್ಷದ ಮರೀತಾ ಮತ್ತೆ ಹುಡುಗಿಯಾಗಿ ಮೇಜಿನ ಮುಂದೆ ಕಾಲು ತೂಗುಬಿಟ್ಟು ಕೂತುಬಿಡುತ್ತಾಳೆ. ಅಮ್ಮನ ಗುರುವಾರದ ಸಾರು ಯಾವಾಗಲೂ ತಳ ಹಿಡಿದಿರುತ್ತಿತ್ತು. ಅಪ್ಪ ಮೊದಲ ಚಮಚ ನುಂಗಿ, ಏನೂ ಹೇಳದೆ, ಸಾಸಿವೆಯ ಡಬ್ಬಿಗೆ ಕೈ ಚಾಚುತ್ತಿದ್ದ. ಒಂದೆರಡು ವಾರವಲ್ಲ, ವರ್ಷಗಟ್ಟಲೆ. ಉಳಿದ ಆರು ದಿನ ಅಚ್ಚುಕಟ್ಟಾಗಿ ಬೇಯಿಸುವ ಹೆಂಗಸಿಗೆ ಗುರುವಾರ ಏನು ಬಡಿಯುತ್ತದೋ ಎಂದು ಅಪ್ಪನ ಅಕ್ಕಂದಿರು ಕ್ರಿಸ್‌ಮಸ್ಸಿಗೊಮ್ಮೆ ಆಶ್ಚರ್ಯಪಡುತ್ತಿದ್ದರು.

ಏಪ್ರನ್ನಿನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಕಾರುಗಳಿಗೆ ಬಣ್ಣ ಹೊಡೆಯುವ ತೂರ್ಡ್.

"ಮರೀತಾ, ನಾಲ್ಕು ಗಂಟೆಗೆ ನಾನು ಬಣ್ಣ ಕಲಸೋಕೆ ಹೇಳ್ಬೇಕು. ನಾಲ್ಕರ ಮೇಲೆ ಐದು ನಿಮಿಷ ಆಯ್ತೋ, ಆ ಜಾಗ ಬೇಕರಿಯವನ ವ್ಯಾನಿಗೆ. ಆಮೇಲೆ ನಿನ್ನ ಸರದಿ ಬರೋದು ಆಗಸ್ಟಿಗೆ."

"ಗೊತ್ತು."

"ಹೋದ ವಾರಾನೂ ಗೊತ್ತು ಅಂದೆ."

"ಹೋದ ವಾರಾನೂ ಗೊತ್ತಿತ್ತು."

"ಹಾಗಾದ್ರೆ ಹೇಳ್ಬಿಡು. ನನ್ನ ಮೊದಲ್ನೇ ಹೆಂಡ್ತಿ ಎರಡನೇ ಗಂಡನ್ನ ಇದಕ್ಕಿಂತ ಬೇಗ ಆರಿಸಿದ್ಲು."

"ನಾಲ್ಕಕ್ಕೆ ಹೇಳ್ತೀನಿ."

ಫೋನಿನ ಆಚೆ ತೂರ್ಡ್ ಗಾಳಿಯನ್ನು ಸುರ್ರೆಂದು ಒಳಗೆಳೆದುಕೊಂಡ. ಈ ಕಡೆಯವರು ಹೌದು ಎನ್ನುವುದನ್ನು ಬಾಯಿಂದ ಹೊರಗೆ ಬಿಡುವುದಿಲ್ಲ, ಒಳಗೆ ಎಳೆದುಕೊಳ್ಳುತ್ತಾರೆ. ಕೊಟ್ಟ ಮಾತನ್ನು ವಾಪಸು ತೆಗೆದುಕೊಂಡು ಜೇಬಿಗೆ ಹಾಕಿಕೊಂಡಂತೆ.

ಹೇಳಬೇಕಾದದ್ದು ಒಂದೇ ಮಾತು, ಕೆಂಪು. ಆರು ವರ್ಷದಿಂದ ಅದು ಅವಳ ಹಲ್ಲಿನ ಹಿಂದೆಯೇ ಕೂತಿತ್ತು. ಅಪ್ಪ ಎವರ್ಟ್ ತೀರಿಕೊಂಡ ವರ್ಷ ಹಳೆಯ ಮನೆಯ ಶೆಡ್ಡಿನಿಂದ ಅರವತ್ತಾರನೇ ಇಸವಿಯ ಆ ವೋಲ್ವೋವನ್ನು ಎಳೆಸಿಕೊಂಡು ಬಂದಾಗ, ಅದು ಕಾರು ಎನ್ನುವುದಕ್ಕಿಂತ ಇಲಿಗಳ ಸಹಕಾರಿ ಸಂಘದಂತಿತ್ತು. ಅದನ್ನು ಬಿಚ್ಚಿ, ತುಕ್ಕು ತಿಂದ ತಳವನ್ನು ಕತ್ತರಿಸಿ, ಬೆಸುಗೆ ಹಾಕಲು ಕಲಿತು, ಇಂಜಿನ್ನನ್ನು ಮೂರು ಸಲ ಇಳಿಸಿ ನಾಲ್ಕು ಸಲ ಏರಿಸಿ (ಒಂದು ಸಲ ಹೇಗೆ ಹೆಚ್ಚಾಯಿತೆಂದು ಅವಳಿಗೂ ತಿಳಿಯದು) ಈಗ ಬಣ್ಣಕ್ಕೆ ತಂದು ನಿಲ್ಲಿಸಿದ್ದಾಳೆ. ಪ್ರತಿ ವರ್ಷ ಜೂನಿನ ಬೇಸಿಗೆ ಹಬ್ಬದಂದು ಊರಿನ ಹಳೆಯ ಕಾರುಗಳೆಲ್ಲ ನದಿದಂಡೆಯ ರಸ್ತೆಯಲ್ಲಿ ಎಮ್ಮೆಗಳ ಹಾಗೆ ಸಾಲಾಗಿ ಹೊರಡುತ್ತವೆ. ಅವಳು ಐದು ವರ್ಷ ಬೇರೆಯವರ ಹಿಂದಿನ ಸೀಟಿನಲ್ಲಿ, ಮಂಡಿಯ ಮೇಲೆ ಕಾಫಿ ಫ್ಲಾಸ್ಕ್ ಇಟ್ಟುಕೊಂಡು ಹೋಗಿದ್ದಳು. ಈ ವರ್ಷ ತನ್ನದೇ ಕಾರು, ಕೆಂಪು ಕಾರು, ಪಕ್ಕದ ಸೀಟಿನಲ್ಲಿ ಅಮ್ಮ. ಅಮ್ಮ ಡಾಗ್ನಿಗೆ ಎಂಬತ್ತಾರು. ಆಗಸ್ಟ್ ಎನ್ನುವುದು ಎಂಬತ್ತಾರಕ್ಕೆ ಬಹಳ ದೂರದ ಊರು.

ಹಾಗಿದ್ದೂ ಬಾಯಿ ತೆರೆದಾಗೆಲ್ಲ ಆ ಮಾತಿಗೆ ಏನೋ ಅಡ್ಡ ಬರುತ್ತಿತ್ತು. ಏನು ಎಂಬುದು ಅವಳ ಕೈಚೀಲದಲ್ಲೇ ಇತ್ತು. ಬಲಬದಿಯ ಮುಂದಿನ ಬಾಗಿಲಿನ ತುಕ್ಕು ತಿಂದ ಮೂಲೆಯಿಂದ ಕತ್ತರಿಸಿ ತೆಗೆದ ಅಂಗೈಯಗಲದ ತಗಡು. ಅದನ್ನು ಉಪ್ಪುಕಾಗದದಿಂದ ಒಂದೇ ಕಡೆ ತಿಕ್ಕುತ್ತ ಹೋದಾಗ ಬಣ್ಣಗಳು ಕಡಿದ ಮರದ ಸುತ್ತುಗಳಂತೆ ತೆರೆದುಕೊಂಡಿದ್ದವು. ಹೊರಗಿನ ಸುತ್ತು ಬೂದು. ಅದರೊಳಗೆ ಕೆಂಪು. ಅದರೊಳಗೆ ಕಾರ್ಖಾನೆಯ ತೆಳು ಹಸಿರು. ನಟ್ಟನಡುವೆ ಬೆತ್ತಲೆ ಕಬ್ಬಿಣ. ಹಸಿರು ಅಪ್ಪ ಕೊಂಡದ್ದು. ಕೆಂಪು ಅಮ್ಮನದು. ಎಪ್ಪತ್ತೆಂಟರ ಬೇಸಿಗೆಯಲ್ಲಿ ಅಮ್ಮ ಒಂದು ಬೆಳಿಗ್ಗೆ ಹಸಿರು ಕಾರು ಹತ್ತಿ ಹೋಗಿ, ಹನ್ನೊಂದು ದಿನದ ಮೇಲೆ ಕೆಂಪು ಕಾರಿನಲ್ಲಿ ವಾಪಸು ಬಂದಿದ್ದಳು. ಮನೆಯಲ್ಲಿ ಅದಕ್ಕೆ 'ಅಮ್ಮ ರೂತ್ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ' ಎಂದು ಹೆಸರಿಟ್ಟರು. ರೂತ್ ಚಿಕ್ಕಮ್ಮನ ಬಳಿ ಬಣ್ಣದ ಡಬ್ಬಿ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಬೂದು ಅದರ ನಂತರದ್ದು. ಬೂದಿನ ವಿಷಯ ಬಂದಾಗ ಮರೀತಾಳ ಯೋಚನೆ ಸೌಟಿನಂತೆ ತಳಕ್ಕೆ ತಾಗಿ ನಿಂತುಬಿಡುತ್ತಿತ್ತು.

ಒಂದು ಗಂಟೆಗೆ ಏಪ್ರನ್ ಬಿಚ್ಚಿ, ಬನ್ನಿನ ಪೊಟ್ಟಣ ಹಿಡಿದು ಗ್ಯಾರೇಜಿಗೆ ಹೋದಳು. ಹಳೆಯ ಡೇರಿಯ ಕಟ್ಟಡ. ಬಾಡಿಗೆ ಹಂಚಿಕೊಂಡವರು ಹನ್ನೊಂದು ಗಂಡಸರು ಮತ್ತು ಅವಳು. ಇವತ್ತು ಬನ್ನು ತರುವ ಸರದಿ ಅವಳದು. ಗಂಡಸರ ಸರದಿಯಲ್ಲಿ ಅಂಗಡಿಯ ಬನ್ನು ನಡೆಯುತ್ತದೆ, ಅವಳ ಸರದಿಗೆ ಮಾತ್ರ ಎಲ್ಲರೂ ಮೊದಲು ಮೂಸಿ ನೋಡಿ ಏಲಕ್ಕಿ ಈಗ ಕುಟ್ಟಿದ್ದೋ ಎಂದು ಕೇಳುತ್ತಾರೆ. ಮೊದಲ ವರ್ಷ ಅವರಲ್ಲಿ ಹಿರಿಯನಾದ ಸ್ತೂರೆ ಅವಳಿಗೆ ಸ್ಪ್ಯಾನರ್ ತೋರಿಸಿ ಇದಕ್ಕೆ ಸ್ಪ್ಯಾನರ್ ಅಂತಾರೆ ಎಂದಿದ್ದ. ಇಪ್ಪತ್ತು ವರ್ಷ ಶಾಲೆಯ ಹಿಟ್ಟು ನಾದುವ ಯಂತ್ರವನ್ನು ಅವಳೇ ಬಿಚ್ಚಿ ಕಟ್ಟಿದ್ದಳು, ಆದರೂ ಥ್ಯಾಂಕ್ಸ್ ಎಂದಳು. ಆ ಥ್ಯಾಂಕ್ಸ್ ಇವತ್ತಿಗೂ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಇದೆ. ಹೊರಗಿನಿಂದ ಕಾರು ನೋಡಲು ಬಂದವರು ಪ್ರಶ್ನೆಗಳನ್ನು ಹೋಕನ್‌ನ ಕಡೆಗೆ ತಿರುಗಿ ಕೇಳುತ್ತಾರೆ. ಹೋಕನ್‌ಗೆ ಕಾರಿನಲ್ಲಿ ಗೊತ್ತಿರುವುದು ಹೀಟರ್ ಎಲ್ಲಿದೆ ಎಂಬುದೊಂದೇ. ಅವನು ಗಂಭೀರವಾಗಿ ತಲೆಯಾಡಿಸಿ, ಅದು ಕಷ್ಟದ ಪ್ರಶ್ನೆ, ಎನ್ನುತ್ತಾನೆ. ಬಣ್ಣದ ಬಗ್ಗೆಯೂ ಬೆಳಿಗ್ಗೆ ಅವನನ್ನು ಕೇಳಿದ್ದಳು. ನಿನ್ನ ಕಾರು, ನಿನ್ನ ಬಣ್ಣ, ನನಗೆ ಅಭಿಪ್ರಾಯವೇ ಇಲ್ಲ ಎಂದು ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಆದರೆ ಹಸಿರು ಬೇಡ, ಎಂದಿದ್ದ.

ಸ್ತೂರೆ ಬಲಗೈಗೆ ಉಣ್ಣೆಯ ಕಾಲುಚೀಲ ತೊಟ್ಟು ಅವಳ ಕಾರಿನ ಮುಂದೆ ನಿಂತಿದ್ದ. ಎಪ್ಪತ್ತೆರಡು ವರ್ಷ, ಬಸ್ ಡಿಪೋದಲ್ಲಿ ನಲವತ್ತು ವರ್ಷ ಮೆಕ್ಯಾನಿಕ್. ಬಣ್ಣಕ್ಕೆ ಹೋಗುವ ಮೊದಲು ಪ್ರತಿ ಕಾರಿನ ಮೈಯನ್ನೂ ಅವನು ಕಣ್ಣು ಮುಚ್ಚಿ ಕಾಲುಚೀಲದ ಕೈಯಿಂದ ತಡವಬೇಕು. ಬರಿಗೈಗೆ ತಿಳಿಯದ ಉಬ್ಬುತಗ್ಗು ಬಟ್ಟೆಯೊಳಗಿನ ಕೈಗೆ ತಿಳಿಯುತ್ತದೆ. ಇನ್ನೊಂದು ಮೂಲೆಯಲ್ಲಿ ಯೆರ್ಕರ್ ಕೂತಿದ್ದ. ಐವತ್ತರ ಹತ್ತಿರ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ಬಾಗಿಲಾಚೆ ಅವನ ಹಡಗಿನಷ್ಟುದ್ದದ ಅಮೆರಿಕದ ಕಾರು. ಅವನು ಆಗಲೇ ಎರಡನೇ ಬನ್ನು ಕಚ್ಚಿದ್ದ.

"ಕಪ್ಪು" ಎಂದ ಯೆರ್ಕರ್, ಯಾರೂ ಕೇಳುವ ಮೊದಲೇ.

"ಶವದ ಗಾಡಿಗೆ" ಎಂದ ಸ್ತೂರೆ ಕಣ್ಣು ಮುಚ್ಚಿಕೊಂಡೇ. "ಬಾನೆಟ್ ಒಳಗೆ ತಗಡು ಹೊಡೆದಿದ್ದಾರೆ. ಅದರ ಮೇಲೆ ಬಣ್ಣದ ನಂಬರ್ ಇದೆ. ದೇವರು ಕಲ್ಲಿನ ಮೇಲೆ ಬರ್ಕೊಟ್ಟಾಗ ಮೋಶೆ ಚರ್ಚೆ ಮಾಡ್ಲಿಲ್ಲ."

"ಮಾಡಿದ್ನೋ ಏನೋ. ಕಲ್ಲು ಒಡೆದಿದ್ದಂತೂ ನಿಜ."

"ತೆಳು ಹಸಿರು. ಕಾರ್ಖಾನೆಯಿಂದ ಬಂದಿದ್ದು ತೆಳು ಹಸಿರು. ಅಲ್ಲಿಗೆ ಮುಗೀತು."

"ಸ್ತೂರೆ, ನೀನು ಕಾರ್ಖಾನೆಯಿಂದ ಬಂದಾಗ ಬೋಳುತಲೆ, ಬಾಯಲ್ಲಿ ಹಲ್ಲಿಲ್ಲ. ಈಗ ಮತ್ತೆ ಮೂಲ ಸ್ಥಿತಿಗೆ ಬಂದಿದ್ದೀಯ. ಅದಕ್ಕೇನು ಯಾರಾದ್ರೂ ಬಹುಮಾನ ಕೊಟ್ರಾ?"

ಸ್ತೂರೆಯ ಕೈ ಬಲಬದಿಯ ಮುಂದಿನ ಬಾಗಿಲ ಮೇಲೆ ನಿಂತಿತ್ತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲಿಗೇ ಬಂತು. ಉಳಿದ ಮೂರು ಬಾಗಿಲು, ಬಾನೆಟ್ಟು, ಡಿಕ್ಕಿ ಎಲ್ಲ ದಾಟಿ ಬಂದ ಕೈ, ಆ ಬಾಗಿಲಲ್ಲೇ ನಿಲ್ಲುತ್ತದೆ ಎಂದು ಮರೀತಾಳಿಗೆ ಗೊತ್ತಿತ್ತು. ತಗ್ಗು ಮುಚ್ಚುವ ಪುಟ್ಟಿಯನ್ನು ಎಷ್ಟು ತುಂಬಿ ಎಷ್ಟು ತಿಕ್ಕಿದರೂ ಆ ಒಂದು ಬಾಗಿಲು ಅವಳ ಕೈಗೆ ನೇರವಾಗುತ್ತಿರಲಿಲ್ಲ.

"ಇಲ್ಲೊಂದು ಅಲೆ ಇದೆ" ಎಂದ ಸ್ತೂರೆ.

"ಗೊತ್ತು."

"ಕಪ್ಪು ಹೊಡೆದ್ರೆ ಚರ್ಚಿನ ಗೋಪುರದಿಂದ ಕಾಣುತ್ತೆ. ಕೆಂಪಾದ್ರೂ ಅಷ್ಟೇ. ಹೊಳಪು ಅನ್ನೋದು ಚಾಡಿಕೋರ. ಹಸಿರು ಒಂಚೂರು ಕ್ಷಮಿಸುತ್ತೆ. ಪೂರ್ತಿ ಕ್ಷಮಿಸೋದು ಬೂದು ಒಂದೇ, ಅದಕ್ಕೇ ಯುದ್ಧದ ಹಡಗಿಗೆಲ್ಲ ಅದನ್ನೇ ಬಳಿಯೋದು." ಕಾಲುಚೀಲ ಕಳಚಿ ಬನ್ನು ತೆಗೆದುಕೊಂಡು ಮೂಸಿ ನೋಡಿದ. "ಉಳಿದಿದ್ದು ಪರವಾಗಿಲ್ಲ."

ಪರವಾಗಿಲ್ಲ ಎನ್ನುವುದು ಇಲ್ಲಿನ ಗಂಡಸರು ಕೊಡುವ ಅತಿ ದೊಡ್ಡ ಪದಕ. ಯೆರ್ಕರ್ ಕೂಡ ಅಗಿಯುವುದನ್ನು ನಿಲ್ಲಿಸಿ ಅವಳತ್ತ ನೋಡಿದ. ಬನ್ನಿಗೆ ಹೇಳಿದ್ದೋ ಕಾರಿಗೆ ಹೇಳಿದ್ದೋ ತಿಳಿಯದೆ ಅವಳು ಸುಮ್ಮನೆ ಕಾಫಿ ಬಗ್ಗಿಸಿದಳು. ಆಮೇಲೆ ತೂರ್ಡ್ ಮಾದರಿಗೆಂದು ಬಣ್ಣ ಹೊಡೆದುಕೊಟ್ಟಿದ್ದ ಮೂರು ತಗಡುಗಳನ್ನು, ಕೆಂಪು, ಹಸಿರು, ಕಪ್ಪು, ದಿಂಬಿನ ಚೀಲದಲ್ಲಿ ಸುತ್ತಿಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳಿದ್ದಕ್ಕೆ, ಅಮ್ಮನ ಹತ್ತಿರ, ಎಂದಳು. ಅಪ್ಪಣೆ ಕೇಳುವ ಹುಡುಗಿಯ ಹಾಗೆ ಕೇಳಿಸಿತು ತನ್ನದೇ ದನಿ.

ಏಪ್ರಿಲ್ಲಿನ ಹಿಮ ರಸ್ತೆಯ ಅಂಚಿನಲ್ಲಿ ಕೊಳಕು ಗೋಡೆಯಾಗಿ ಉಳಿದಿತ್ತು. ಅದಕ್ಕೂ ಒಂದು ಬಣ್ಣವಿತ್ತು, ಅವಳು ನೋಡದಂತೆ ಗಾಡಿ ಓಡಿಸಿದಳು. ಬೂದು. ಅಪ್ಪ ನೆಲಮಾಳಿಗೆಗೆ ಬಳಿದು ಉಳಿದಿದ್ದ ನೆಲದ ಬಣ್ಣದ ಡಬ್ಬಿಯನ್ನು ಅಂಗಳಕ್ಕೆ ತಂದಿಟ್ಟ ಶನಿವಾರ, ಬಿಸಿಲಿತ್ತು. ಅಪ್ಪ ಕಾರಿಗೆ ಬಣ್ಣ ಹೊಡೆಯುವುದನ್ನು ಬೇಲಿಯ ಹಾಗೆ, ದೋಣಿಯ ಹಾಗೆ, ಕುಂಚದಲ್ಲೇ ಮಾಡಿದ. ಹನ್ನೊಂದು ವರ್ಷದ ಮರೀತಾಳಿಗೂ ಒಂದು ಕುಂಚ ಕೊಟ್ಟ. ಬಲಬದಿಯ ಮುಂದಿನ ಬಾಗಿಲು ನಿನ್ನದು ಎಂದ. ಕಡ್ಡಿಯಿಂದ ಡಬ್ಬಿ ಕಲಕುವಾಗ ಮೇಲಿನ ಎಣ್ಣೆ ಕೆಳಗಿನ ಬೂದಿನೊಳಗೆ ಸುರುಳಿಯಾಗಿ ಇಳಿಯುವುದು ಎಷ್ಟು ಚೆನ್ನಾಗಿತ್ತು. ಕೆಂಪಿನ ಮೇಲೆ ಮೊದಲ ಗೆರೆ ಎಳೆದಾಗ ಆದ ಸಂತೋಷ, ಅದನ್ನು ಅವಳು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಆಮೇಲೆ ಯಾವ ಮುತ್ತಿನಲ್ಲೂ ಸಿಗಲಿಲ್ಲ. ನಿನ್ನ ಕೈ ಗಟ್ಟಿಯಿದೆ ಎಂದ ಅಪ್ಪ. ಅವನು ಜೀವಮಾನದಲ್ಲಿ ಆಡಿದ ಹೊಗಳಿಕೆಯ ಮಾತು ಅದೊಂದೇ, ಅದನ್ನು ಅವಳು ಸಂಪಾದಿಸಿದ್ದು ಅಮ್ಮನ ಕೆಂಪನ್ನು ಮುಚ್ಚಿ. ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ನಿಂತಿದ್ದಳು. ಮರೀತಾ ಕುಂಚ ಎತ್ತಿ ಬೀಸಿದಳು, ನೋಡು ಎನ್ನುವ ಹಾಗೆ. ಅಮ್ಮ ತಟ್ಟನೆ ಬೆನ್ನು ತಿರುಗಿಸಿದಳು. ಅವಳ ಭುಜಗಳು ಅಲುಗುತ್ತಿದ್ದವು. ತುಂಬ ಹೊತ್ತು ಅಲುಗಿದವು. ಕುಂಚದಿಂದ ಒಂದು ತೊಟ್ಟು ಬಾಗಿಲಿನ ಮೇಲಿಂದ ಕೆಳಗಿನವರೆಗೆ ಹರಿದುಹೋಯಿತು, ಅವಳು ಅದನ್ನು ಒರೆಸಲಿಲ್ಲ. ಕಾರನ್ನು ತಾನೇ ಬಿಚ್ಚಿ ತಿಕ್ಕುವವರೆಗೂ ಅದು ಹಾಗೇ ಅಲ್ಲಿತ್ತು.

ಹಿರಿಯರ ವಸತಿಯ ಎರಡನೇ ಮಹಡಿಯಲ್ಲಿ ಡಾಗ್ನಿ ಕಿಟಕಿಯ ಪಕ್ಕ ಕೂತು, ಮಧ್ಯಾಹ್ನದ ಊಟದಿಂದ ಕಾಗದದಲ್ಲಿ ಸುತ್ತಿ ಉಳಿಸಿಕೊಂಡಿದ್ದ ಪ್ಯಾನ್‌ಕೇಕನ್ನು ಕೈಯಲ್ಲೇ ತಿನ್ನುತ್ತಿದ್ದಳು.

"ಬಂದ್ಯಾ. ನಿನ್ನ ಕೂದ್ಲು ಯಾರು ಕತ್ತರಿಸಿದ್ದು?"

"ನಾನೇ."

"ಕಾಣ್ಸುತ್ತೆ."

"ಸಾರು ಕುಡಿದ್ಯಾಮ್ಮ?"

"ಗುರುವಾರದ ಸಾರು ನಾನು ಯಾವತ್ತು ಕುಡಿದಿದ್ದೀನಿ? ಆ ಚೀಲದಲ್ಲಿ ಏನು, ತಟ್ಟೆಗಳಾ?"

"ಬಣ್ಣದ ಮಾದರಿ. ಕಾರಿಗೆ."

"ಇನ್ನೂ ಮುಗಿದಿಲ್ವಾ ಅದು? ಯೇಸು ಮೂರೇ ದಿನಕ್ಕೆ ಎದ್ದು ಬಂದ."

ಮರೀತಾ ಮೂರು ತಗಡುಗಳನ್ನೂ ಹಾಸಿಗೆಯ ಮೇಲೆ ಸಾಲಾಗಿ ಇಟ್ಟಳು. ಕೆಂಪನ್ನು ಬೇಕೆಂದೇ ಕಿಟಕಿಯ ಬೆಳಕು ಬೀಳುವ ಕಡೆ. ಈ ಗಳಿಗೆಯನ್ನು ಅವಳು ಬೆಸುಗೆಯ ಮುಖವಾಡದ ಕತ್ತಲೆಯಲ್ಲಿ ಎಷ್ಟೋ ಸಲ ಅಭಿನಯಿಸಿದ್ದಳು. ಅಮ್ಮ ಕೆಂಪನ್ನು ಮುಟ್ಟುತ್ತಾಳೆ. ಏನೂ ಹೇಳುವುದಿಲ್ಲ. ಕಣ್ಣು ತುಂಬುತ್ತದೆ. ಡಾಗ್ನಿ ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದಳು.

"ಇದು ಅಗ್ನಿಶಾಮಕದವರದ್ದಾ?"

"ಅಮ್ಮ, ಇದು ನಿನ್ನ ಕೆಂಪು."

"ನಂದು ಯಾವಾಗ ಆಯ್ತು?"

"ಎಪ್ಪತ್ತೆಂಟರಲ್ಲಿ. ನೀನು ರೂತ್ ಚಿಕ್ಕಮ್ಮನ ಮನೆಗೆ..."

"ಓ" ಎಂದಳು ಡಾಗ್ನಿ, ಪ್ಯಾನ್‌ಕೇಕಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಳ್ಳುತ್ತ. "ಫೋಲ್ಕೆದು."

"ಫೋಲ್ಕೆ ಯಾರು?"

"ಬಣ್ಣ ಹಚ್ಚೋನು."

ಡಾಗ್ನಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡಳು.

"ಯಾವ ಬಣ್ಣ ಬೇಕು ಅಂತ ಕೇಳ್ದ. ಯೋಚ್ನೆ ಮಾಡ್ತೀನಿ ಅಂದೆ. ನನ್ನ ಯೋಚ್ನೆ ಮುಗಿಯೋದ್ರೊಳಗೆ ಕೆಂಪು ಹೊಡೆದಾಗಿತ್ತು. ಹೆಂಗಸಿಗೆ ಕೆಂಪು ಅನ್ನೋದು ಅವನ ಸಿದ್ಧಾಂತ. ಅವನ ಹೆಂಡ್ತಿ ಕಾರೂ ಕೆಂಪೇ."

"ಅವನಿಗೆ ಹೆಂಡ್ತಿ ಇದ್ಲಾ?"

"ನನಗೂ ಗಂಡ ಇದ್ದ. ಹನ್ನೊಂದು ದಿನಕ್ಕೆ ಅವನ ಎಲ್ಲಾ ಸಿದ್ಧಾಂತಾನೂ ಕೇಳಿ ಮುಗೀತು. ಮನೆಗೆ ಬಂದೆ."

ಆರು ವರ್ಷ. ಮೂರು ಸಲ ಇಳಿಸಿದ ಇಂಜಿನ್ನು, ಎರಡು ಸುಟ್ಟ ಬೆರಳು, ಪುಟ್ಟಿಯ ಧೂಳಿನಿಂದ ಬಂದ ಕೆಮ್ಮು. ಅಷ್ಟೆಲ್ಲ ಮಾಡಿ ತಾನು ಮರುಸ್ಥಾಪಿಸಲು ಹೊರಟಿದ್ದು ಫೋಲ್ಕೆ ಎಂಬ ಮಹಾಶಯನ ಅಭಿರುಚಿಯನ್ನು. ಮರೀತಾಳಿಗೆ ನಗು ಬರಬೇಕಿತ್ತು. ಬದಲಿಗೆ ಅವಳು ಕೈಚೀಲ ತೆರೆದು ಸುತ್ತುಗಳಿದ್ದ ತಗಡನ್ನು ಹೊರತೆಗೆದು ಅಮ್ಮನ ಮಡಿಲಲ್ಲಿ ಇಟ್ಟಳು. ಹೊರಗಿನ ಸುತ್ತಿನ ಮೇಲೆ ಬೆರಳಿಟ್ಟಳು.

"ಅಮ್ಮ, ಈ ಬೂದು ಬಳಿದವಳು ನಾನು."

"ಗೊತ್ತು. ಕಿಟಕಿಯಿಂದ ನೋಡ್ತಿದ್ನಲ್ಲ. ಕೆಳಗಿನವರೆಗೂ ಸೋರಿಸಿದ್ದೆ."

"ನೀನು ಅಳ್ತಿದ್ದೆ."

"ಯಾರು?"

"ನೀನು. ತಿರುಗಿ ನಿಂತ್ಕೊಂಡೆ. ಭುಜ ಅಲುಗ್ತಾ ಇತ್ತು. ನಾನು ನೋಡ್ದೆ."

ಡಾಗ್ನಿ ಮಗಳನ್ನು ಬಹಳ ಹೊತ್ತು ನೋಡಿದಳು. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟವರನ್ನು ನೋಡುವಂತೆ.

"ನಗ್ತಿದ್ದೆ ಕಣೇ. ಗಂಡ, ಮಗಳು ಇಬ್ರೂ ಸೇರಿ ನೆಲಮಾಳಿಗೆ ಬಣ್ಣ ತಂದು ಕಾರಿಗೆ ಮೆತ್ತುತ್ತಿದ್ರಿ. ನಿಮ್ಮ ಮುಖ ನೋಡ್ಬೇಕಿತ್ತು, ಸ್ಮಶಾನದಲ್ಲಿ ಗುಂಡಿ ತೋಡೋರ ಹಾಗೆ. ನಿಮ್ಮೆದುರು ನಕ್ಕಿದ್ರೆ ನಿಮ್ಮಪ್ಪನಿಗೆ ಬೇಜಾರಾಗ್ತಿತ್ತು. ಅದಕ್ಕೇ ತಿರುಗಿ ನಿಂತೆ."

ನಂಬಬೇಕೋ ಬೇಡವೋ ಮರೀತಾಳಿಗೆ ತಿಳಿಯಲಿಲ್ಲ. ಎಂಬತ್ತಾರರ ನೆನಪು ತನಗೆ ಬೇಕಾದ ಬಣ್ಣವನ್ನು ತಾನೇ ಬಳಿದುಕೊಂಡಿರಬಹುದು. ಅಥವಾ ಇದು ದಯೆ ಇರಬಹುದು. ಆದರೆ ಅಮ್ಮನಿಗೆ ದಯೆಯ ಅಭ್ಯಾಸವಿರಲಿಲ್ಲ. ನಲವತ್ತೈದು ವರ್ಷ ಹೊತ್ತ ಮೂಟೆಯನ್ನು ಇಳಿಸಿ ಬಿಚ್ಚಿ ನೋಡಿದರೆ ಒಳಗೆ ಬೇರೆ ಯಾರದೋ ಬಟ್ಟೆ. ಅವಳಿಗೆ ಒಂದು ಥರದ ಅವಮಾನವೇ ಆಯಿತು.

"ಮತ್ತೆ, ಆ ಕೆಂಪು ಕಾರಲ್ಲಿ ನಾನು ಎಲ್ಲಿಗೆ ಹೋಗೋದು?" ಡಾಗ್ನಿ ಕಿಟಕಿಯಾಚೆ ನೋಡುತ್ತ ಮುಂದುವರಿಸಿದಳು. "ಅಂಚೆ ಕಚೇರಿ ಮುಂದೆ ಎರಡು ನಿಮಿಷ ನಿಂತ್ರೆ ಸಂಜೆಗೆ ನಿಮ್ಮಪ್ಪನ ಅಕ್ಕಂದಿರಿಗೆ ವರದಿ. ಬೂದು ಬಳಿದ ಮೇಲೆ ಒಬ್ರೂ ತಿರುಗಿ ನೋಡ್ಲಿಲ್ಲ. ಸೇತುವೆ ಹತ್ರ ಎದುರಿಗೇ ಬಂದ್ರೂ ಕಾಣ್ತಿರಲಿಲ್ಲ ಅವರಿಗೆ. ಒಂಬತ್ತು ವರ್ಷ, ಪ್ರತಿ ಗುರುವಾರ, ಸಮುದ್ರದ ಕಡೆ ಹೆರ್ನೊಸಾಂಡ್ ಪಟ್ಟಣಕ್ಕೆ ಹೋಗಿ ಬಂದೆ."

"ಗುರುವಾರ?"

"ನೀವು ಶಾಲೆಗೆ ಹೋದ ಮೇಲೆ ಸಾರನ್ನ ಸಣ್ಣ ಉರಿ ಮೇಲಿಟ್ಟು ಹೋಗೋದು, ನೀವು ಬರೋದ್ರೊಳಗೆ ಬರೋದು."

ತಳ ಹಿಡಿದ ಸಾರಿನ ವಾಸನೆ ಆ ಶುಭ್ರ ಕೋಣೆಯೊಳಗೆ ಎಲ್ಲಿಂದಲೋ ಬಂದು ಮರೀತಾಳ ಮೂಗಿಗೆ ತಾಗಿತು.

"ಹೆರ್ನೊಸಾಂಡಲ್ಲಿ ಯಾರಿದ್ರು?"

"ಯಾರೂ ಇಲ್ಲ. ಅದಕ್ಕೇ ಹೋಗ್ತಿದ್ದಿದ್ದು. ಬಂದರಿನ ಹತ್ರ ಗಾಡಿ ನಿಲ್ಸಿ, ಒಂದು ಕೆನೆ ಕೇಕ್ ತಗೊಂಡು ಕಾರಲ್ಲೇ ಕೂತು ತಿಂತಿದ್ದೆ. ಇಡೀದು. ಯಾರಿಗೂ ಒಂದು ಚೂರೂ ಕೊಡ್ದೆ."

"ಅಷ್ಟೇನಾ?"

"ಅಷ್ಟೇ ಅಂತೀಯಲ್ಲ. ನೀನು ಯಾವತ್ತಾದ್ರೂ ಇಡೀ ಕೇಕ್ ಒಬ್ಳೇ ತಿಂದಿದ್ದೀಯಾ?"

ಮರೀತಾ ಯೋಚಿಸಿದಳು. ಇಲ್ಲ. ಮಾಡಿದ್ದಳು, ಸಾವಿರಾರು. ಕತ್ತರಿಸಿದ್ದಳು, ಹಂಚಿದ್ದಳು, ಕೊನೆಗೆ ತಟ್ಟೆಗೆ ಅಂಟಿದ ಕೆನೆಯನ್ನು ನಿಂತುಕೊಂಡೇ ಬೆರಳಲ್ಲಿ ಒರೆಸಿ ತಿಂದಿದ್ದಳು.

"ಅಪ್ಪನಿಗೆ ಗೊತ್ತಿತ್ತಾ?"

ಡಾಗ್ನಿ ತಗಡಿನ ಸುತ್ತುಗಳ ಮೇಲೆ ಉಗುರು ಓಡಿಸಿದಳು. ಹೊರಗಿನಿಂದ ಒಳಗೆ, ಮತ್ತೆ ಹೊರಕ್ಕೆ.

"ಕೇಳ್ಲಿಲ್ಲ. ಆದ್ರೆ ಪ್ರತಿ ಬುಧವಾರ ಸಂಜೆ ಕಾರು ತಗೊಂಡು ಹೋಗಿ ಟ್ಯಾಂಕ್ ತುಂಬಿಸಿ ತಂದಿಡ್ತಿದ್ದ. ಒಂಬತ್ತು ವರ್ಷ. ಅವನು ದಡ್ಡನೋ ಸಂತನೋ, ಐವತ್ತೊಂಬತ್ತು ವರ್ಷ ಜೊತೇಲಿ ಮಲಗಿದ್ರೂ ಗೊತ್ತಾಗ್ಲಿಲ್ಲ. ಸಾರಿಗೆ ಸಾಸಿವೆ ಹಾಕ್ಕೊಂಡು ತಿಂತಿದ್ದ." ತಗಡನ್ನು ಮಗಳಿಗೆ ವಾಪಸು ಕೊಟ್ಟಳು. "ತಗೋ. ನನ್ನ ಸ್ಕರ್ಟಿಗೆ ತುಕ್ಕು ಹತ್ತುತ್ತೆ."

"ಹಾಗಾದ್ರೆ ಯಾವ ಬಣ್ಣ ಹೊಡೆಸ್ಲಿ ಅಮ್ಮ?"

"ನನ್ನ ಯಾಕೆ ಕೇಳ್ತೀಯ? ನಾನೇನು ಅದನ್ನ ಓಡಿಸ್ತೀನಾ? ಹಬ್ಬದ ದಿನ ಆ ಮೆರವಣಿಗೆಗೆಲ್ಲ ನನ್ನ ಕರೀಬೇಡ. ಗಂಟೆಗೆ ಹತ್ತು ಕಿಲೋಮೀಟರ್ ಹೋಗ್ತಾ ದಾರಿಬದಿಯೋರಿಗೆಲ್ಲ ಕೈ ಬೀಸೋದು. ರಾಣಿಗೆ ಸಂಬಳ ಕೊಡ್ತಾರೆ, ಅವಳು ಮಾಡ್ಲಿ." ಆಮೇಲೆ, ಬಾಗಿಲಿನವರೆಗೆ ಹೋಗಿದ್ದ ಮಗಳ ಬೆನ್ನಿಗೆ, "ಮುಂದಿನ ಸಲ ಕೂದ್ಲು ಕತ್ತರಿಸೋಕೆ ಯಾರಿಗಾದ್ರೂ ಹೇಳು."

ಪಾರ್ಕಿಂಗಿನಲ್ಲಿ ತನ್ನ ದಿನಬಳಕೆಯ ಕಾರಿನೊಳಗೆ ಕೂತಾಗ ಗಡಿಯಾರ ಮೂರು ಐವತ್ತೆರಡು ತೋರಿಸುತ್ತಿತ್ತು. ಕೆಂಪು, ಹಸಿರು, ಕಪ್ಪು ತಗಡುಗಳು ಪಕ್ಕದ ಸೀಟಿನಲ್ಲಿ ದಿಂಬಿನ ಚೀಲದೊಳಗೆ ಒಂದಕ್ಕೊಂದು ಕಚಕಚ ಎಂದವು. ತಪ್ಪು ಮಾಡಿದ ಕೈ ಎಂದುಕೊಂಡೇ ಅವಳು ಈ ಕೈಯಿಂದ ಬದುಕಿಡೀ ಹಿಟ್ಟು ನಾದಿದ್ದಳು, ಮಕ್ಕಳ ತಟ್ಟೆಗೆ ಬಡಿಸಿದ್ದಳು, ಬೆಸುಗೆ ಹಾಕಿದ್ದಳು. ತಪ್ಪೇ ಇಲ್ಲ ಎಂದಾದ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ಕೂತಳು. ಅಮ್ಮನಿಗೆ ಏನನ್ನೂ ಹಿಂದಿರುಗಿಸಬೇಕಾಗಿಲ್ಲ. ಹಬ್ಬದ ದಿನ ಅಮ್ಮ ಬರುವುದೂ ಇಲ್ಲ. ಬಣ್ಣ ಆರಿಸಲು ಇದ್ದ ಕಾರಣಗಳೆಲ್ಲ ಒಂದೊಂದಾಗಿ ಇಳಿದುಹೋಗಿ, ಕಾರು ಮೊದಲ ಬಾರಿಗೆ ಬರೀ ಅವಳೊಬ್ಬಳದಾಗಿ, ಬೆತ್ತಲೆ ಕಬ್ಬಿಣವಾಗಿ ನಿಂತಿತ್ತು. ಅದರಲ್ಲಿ ಎಲ್ಲಿಗೆ ಹೋಗಬೇಕು ಎಂದು ಅವಳು ಈ ಆರು ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಸಾಲಿನಲ್ಲಿ ನಿಧಾನವಾಗಿ ಹೋಗಿ ಕೈ ಬೀಸುವುದರ ಆಚೆಗೆ ಅವಳ ಬಯಕೆಗೆ ರಸ್ತೆಯೇ ಇರಲಿಲ್ಲ. ಇದು ಫೋಲ್ಕೆಗಿಂತ ದೊಡ್ಡ ಅವಮಾನ ಅನ್ನಿಸಿತು.

ಮೂರು ಐವತ್ತೆಂಟಕ್ಕೆ ತೂರ್ಡ್‌ಗೆ ಫೋನು ಮಾಡಿದಳು.

"ಬೂದು" ಎಂದಳು.

"ಯಾವ ಬೂದು? ಬೆಳ್ಳಿ ಥರ ಮಿಂಚೋದಾ?"

"ಮಿಂಚಬಾರ್ದು. ನೆಲಮಾಳಿಗೆಗೆ ಬಳೀತಾರಲ್ಲ, ಆ ಬೂದು. ತಗಡು ತಂದ್ಕೊಡ್ತೀನಿ, ನೋಡಿ ಕಲಸು."

ಆಚೆ ಕಡೆ ತೂರ್ಡ್ ಗಾಳಿಯಂತ್ರವನ್ನು ಆರಿಸಿದ.

"ಮರೀತಾ, ಆರು ವರ್ಷ ದುಡಿದಿದ್ದೀಯ. ಇದನ್ನ ಬಳಿದ್ರೆ ಒಬ್ರೂ ತಿರುಗಿ ನೋಡಲ್ಲ."

"ಹೌದಾ?"

"ನಾಯಿ ಕೂಡ ನೋಡಲ್ಲ."

"ಅದನ್ನೇ ಹೊಡಿ. ಬಲಗಡೆ ಬಾಗಿಲಲ್ಲಿ ಒಂದು ಅಲೆ ಇದೆ, ಅದನ್ನ ಹಾಗೇ ಬಿಡು."

"ಹಬ್ಬಕ್ಕೆ ಬೇಕು ಅಂದಿದ್ದೆ. ಶುಕ್ರವಾರ ಅಲ್ವಾ ಹಬ್ಬ?"

"ಗುರುವಾರಕ್ಕೆ ಕೊಡು" ಎಂದಳು ಮರೀತಾ. "ಬೆಳಿಗ್ಗೆ. ಟ್ಯಾಂಕ್ ನಾನೇ ತುಂಬಿಸ್ಕೋತೀನಿ."

ತೂರ್ಡ್ ಗಾಳಿಯನ್ನು ಸುರ್ರೆಂದು ಒಳಗೆಳೆದುಕೊಂಡ. ಫೋನು ಕೆಳಗಿಟ್ಟು, ಯಾರೂ ಇಲ್ಲದ ಕಾರಿನಲ್ಲಿ, ಅವಳೂ ಎಳೆದುಕೊಂಡಳು.